ಹಂಡೆಯ ನೀರು, ಅತ್ತೆಯ ಕೋಣೆ, ನೆಲದೊಳಗಿನ ಪೈಪ್

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಇಳಿದರೆ ನನ್ನ ಅಕ್ಕನ ಮನೆ. ಜಂಬಿಟ್ಟಿಗೆ ಗೋಡೆ, ಹೆಂಚಿನ ಮಾಡು, ಕಾವಿ ನೆಲ. ಕೆಳಗೆ ಅಡಿಕೆ ತೋಟ. ಬೇಸಗೆಯಲ್ಲಿ ಆ ನೆಲದ ಮೇಲೆ ಬರಿ ಮೈಯಲ್ಲಿ ಮಲಗಿದರೆ ಸ್ವರ್ಗ. ಆರಿದ್ರಾ ಮಳೆ ಹಿಡಿದ ಮೇಲೆ ಅದೇ ನೆಲ ಬೆವರಲು ಶುರುವಾಗುತ್ತದೆ. ಒರೆಸಿದಷ್ಟೂ ಒದ್ದೆ. ಹಾಸಿಗೆಯ ಅಡಿಗೆ ಬೂಷ್ಟು ಹಿಡಿಯುತ್ತದೆ, ಕಂಬಳಿಯಲ್ಲೂ ಮುಗ್ಗಲು ವಾಸನೆ.

ಭಾವನ ಅಮ್ಮನಿಗೆ ಈಗ 78 ವರ್ಷ. ನಾನು ಅತ್ತೆ ಎಂದೇ ಕರೆಯುವುದು. ಮಂಡಿ ನೋವು, ಜೊತೆಗೆ ಹೋದ ವರ್ಷ ಒದ್ದೆ ನೆಲದಲ್ಲಿ ಕಾಲು ಜಾರಿ ಬಿದ್ದು ಕೈ ಮುರಿದುಕೊಂಡರು. ಅವತ್ತು ನೋಡಲು ಹೋದಾಗ ಅಕ್ಕ ಕೇಳಿದಳು, "ನೀನು ಊರಿಗೆಲ್ಲ ಬಿಸಿನೀರಿನ ಕೆಲಸ ಮಾಡಿಕೊಡ್ತೀಯಲ್ಲ, ಈ ಕೋಣೆ ಒಣಗಿಸೋಕೆ ಏನೂ ದಾರಿ ಇಲ್ವಾ?"

ನಾನು ಶಿವಮೊಗ್ಗದಲ್ಲಿ ಪ್ಲಂಬಿಂಗ್ ಮತ್ತು ಸೋಲಾರ್ ವಾಟರ್ ಹೀಟರ್ ಕೆಲಸ ಮಾಡುವವನು. ನೆಲದೊಳಗೆ ಬಿಸಿನೀರಿನ ಪೈಪ್ ಹಾಯಿಸಿ ಕೋಣೆ ಬೆಚ್ಚಗೆ ಮಾಡುವುದನ್ನು ಓದಿದ್ದೆ, ಮಾಡಿರಲಿಲ್ಲ. ಕೊರಿಯಾದವರು ನೆಲದಡಿ ಒಲೆಯ ಹೊಗೆ ಹಾಯಿಸಿ ನೂರಾರು ವರ್ಷ ಇದನ್ನೇ ಮಾಡುತ್ತಿದ್ದರು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಅತ್ತೆಯ ಕೋಣೆಗೆ ಬೇಕಾದದ್ದು ಚಳಿ ಓಡಿಸುವ ಬೆಂಕಿಯಲ್ಲ, ಒಣ ನೆಲ. ಮಳೆಗಾಲದ ಗಾಳಿಯಲ್ಲಿ ತುಂಬಿರುವ ತೇವ ತನಗಿಂತ ತಣ್ಣಗಿರುವ ನೆಲ ಸಿಕ್ಕಿದ ಕೂಡಲೇ ನೀರಾಗುತ್ತದೆ. ನೆಲವನ್ನು ಗಾಳಿಗಿಂತ ನಾಲ್ಕಾರು ಡಿಗ್ರಿ ಬೆಚ್ಚಗಿಟ್ಟರೆ ಬೆವರುವುದು ನಿಲ್ಲುತ್ತದೆ.

ಕರೆಂಟಿನ ಹೀಟರ್ ಮಾತು ಬೇಗ ಮುಗಿಯಿತು. ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಕತ್ತಲು. ಬೇಕಾದಾಗಲೇ ಇರದ ಶಾಖ ಯಾಕೆ? ಆದರೆ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ ಇದೆ. ಮಳೆಗಾಲದಲ್ಲಿ ಅದರ ಒಲೆ ಬೆಳಗಿನಿಂದ ರಾತ್ರಿವರೆಗೆ ಆರುವುದೇ ಇಲ್ಲ. ಸೌದೆ ಕೊಟ್ಟಿಗೆ ತುಂಬ ಸೌದೆ, ಅಡಿಕೆ ಸೋಗೆ, ದರಗು. ಶಾಖಕ್ಕೆ ಬರವಿಲ್ಲ.

ಇಷ್ಟಾದ ಮೇಲೆ ಉಳಿದದ್ದು ಪೈಪಿನ ಪ್ರಶ್ನೆ. ಇದಕ್ಕೆ ನಾನು ಒಂದು ತಿಂಗಳು ತೆಗೆದುಕೊಂಡೆ. ನಲ್ಲಿ ಹಾಳಾದರೆ ಬದಲಿಸಬಹುದು, ಪಂಪ್ ಕೆಟ್ಟರೆ ಬದಲಿಸಬಹುದು. ನೆಲದೊಳಗೆ ಹೂತ ಪೈಪ್ ಸೋರಿದರೆ ಅತ್ತೆಯ ಮಂಚ ಎತ್ತಿ, ನೆಲ ಒಡೆಯಬೇಕು.

ತೋಟದ ಪೈಪ್ ಯಾಕೆ ಬೇಡ

ಭಾವ ಮೊದಲ ದಿನವೇ ಕೊಟ್ಟಿಗೆಯಿಂದ ಒಂದು ಸುರುಳಿ ಹೊತ್ತು ತಂದರು. ಡ್ರಿಪ್‌ಗೆ ತಂದು ಉಳಿದಿದ್ದ ಕಪ್ಪು ಪೈಪ್, 16 ಮಿ.ಮೀ. "ನೀನು ಹೇಳಿದ್ದೂ 16, ಇದೂ 16. ಅದೂ ಪಾಲಿಥೀನ್, ಇದೂ ಪಾಲಿಥೀನ್ ಅಲ್ವಾ ಮಾರಾಯ?"

ಪ್ರಶ್ನೆ ಸರಿಯಾಗಿಯೇ ಇತ್ತು. ಎರಡರ ಮೂಲವೂ ಒಂದೇ. ತೋಟದ ಪೈಪಿನಲ್ಲಿ ಪಾಲಿಥೀನಿನ ಉದ್ದುದ್ದ ಎಳೆಗಳು ಒಂದರ ಪಕ್ಕ ಒಂದು ಸುಮ್ನೆ ಮಲಗಿರುತ್ತವೆ. ಬಿಸಿ ತಾಗಿದರೆ ಎಳೆಗಳು ಜಾರುತ್ತವೆ, ಒತ್ತಡಕ್ಕೆ ಪೈಪ್ ನಿಧಾನವಾಗಿ ಉಬ್ಬುತ್ತದೆ. ಕುಡಿಯುವ ನೀರಿಗೆ ಹಾಕುವ ಒಳ್ಳೆಯ ಎಚ್‌ಡಿಪಿಇ ಪೈಪ್ ಕೂಡ 20 ಡಿಗ್ರಿಯಲ್ಲಿ ತಡೆಯುವ ಒತ್ತಡದ ಮುಕ್ಕಾಲು ಪಾಲನ್ನಷ್ಟೇ 40 ಡಿಗ್ರಿಯಲ್ಲಿ ತಡೆಯುತ್ತದೆ. ಪೆಕ್ಸ್ ಎನ್ನುವ ಪೈಪಿನಲ್ಲಿ ಅದೇ ಎಳೆಗಳ ನಡುವೆ ಅಡ್ಡ ಕೊಂಡಿ ಹಾಕಿರುತ್ತಾರೆ. ಬಿಡಿ ಉಣ್ಣೆಯನ್ನು ಎಳೆದರೆ ಕಿತ್ತು ಬರುತ್ತದೆ, ಅದನ್ನೇ ಕಂಬಳಿಯಾಗಿ ನೇಯ್ದರೆ ಬರುವುದಿಲ್ಲ. ಭಾವನಿಗೆ ಹೀಗೆ ಹೇಳಿದಾಗ ಸುರುಳಿ ವಾಪಸ್ ಕೊಟ್ಟಿಗೆಗೆ ಹೋಯಿತು.

ಅಡ್ಡ ಕೊಂಡಿ ಹಾಕುವ ದಾರಿ ಮೂರು. ಪೆರಾಕ್ಸೈಡ್ ಎಂಬ ರಾಸಾಯನಿಕ ಸೇರಿಸಿ ಮಾಡಿದರೆ ಪೆಕ್ಸ್-ಎ. 1968ರಲ್ಲಿ ಜರ್ಮನಿಯ ಥಾಮಸ್ ಎಂಗೆಲ್ ತೋರಿಸಿದ ದಾರಿ ಇದು. ಸಿಲೇನ್ ಎಂಬ ಇನ್ನೊಂದು ರಾಸಾಯನಿಕ ಸೇರಿಸಿ ಮಾಡಿದರೆ ಪೆಕ್ಸ್-ಬಿ. ಎಲೆಕ್ಟ್ರಾನ್ ಕಿರಣ ಹಾಯಿಸಿದರೆ ಪೆಕ್ಸ್-ಸಿ. ಮೂರೂ ಕೆಲಸಕ್ಕೆ ಬರುತ್ತವೆ. ಹೆಚ್ಚು ಬಗ್ಗುವುದು, ತನ್ನ ಹಳೆಯ ಆಕಾರ ನೆನಪಿಟ್ಟುಕೊಳ್ಳುವುದು ಪೆಕ್ಸ್-ಎ. ಈ ನೆನಪು ಮುಂದೆ ನಮ್ಮನ್ನು ಕಾಪಾಡಿತು.

ನಮ್ಮ ಕಡೆ ಎಲ್ಲ ಪ್ಲಂಬರ್‌ಗಳಿಗೂ ಗೊತ್ತಿರುವುದು ಸಿಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪ್. ಬಿಸಿ ತಡೆಯುತ್ತದೆ, ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅದು ನೆಟ್ಟಗಿನ ಕೋಲು. ನಾಲ್ಕು ಮೀಟರ್ ಅಗಲದ ಕೋಣೆಯಲ್ಲಿ 100 ಮೀಟರ್ ಪೈಪ್ ಸುತ್ತಬೇಕಾದರೆ ಪ್ರತಿ ತಿರುವಿಗೂ ಎರಡು ಎಲ್ಬೋ, ಪ್ರತಿ ಎಲ್ಬೋಗೂ ಎರಡು ಅಂಟು. ಲೆಕ್ಕ ಹಾಕಿದರೆ ಕಾಂಕ್ರೀಟಿನೊಳಗೆ ನೂರರ ಹತ್ತಿರ ಜಾಯಿಂಟ್. ಬಿಸಿಮಾಡಿ ಬೆಸೆಯುವ ಪಿಪಿ-ಆರ್ ಪೈಪಿನ ಕಥೆಯೂ ಇದೇ. ನನ್ನದು ಒಂದೇ ನಿಯಮ: ನೆಲದೊಳಗೆ ಒಂದೂ ಜಾಯಿಂಟ್ ಇರಬಾರದು. ಹಾಗಾಗಿ ಸುರುಳಿಯಾಗಿ ಬರುವ ಪೈಪುಗಳಷ್ಟೇ ಕಣದಲ್ಲಿ ಉಳಿದವು. ಪೆಕ್ಸ್, ಪಿಇ-ಆರ್‌ಟಿ, ಮತ್ತು ನಡುವೆ ಅಲ್ಯೂಮಿನಿಯಂ ಪದರ ಇರುವ ಕಾಂಪೋಸಿಟ್.

ನೂರು ಗಂಟೆಯ ಲೆಕ್ಕ

ನೆಲ ಬಿಸಿ ಮಾಡುವ ಪೈಪುಗಳಿಗೆ ಐಎಸ್‌ಒ 10508 ಎಂಬ ಮಾನದಂಡದಲ್ಲಿ ಕ್ಲಾಸ್ 4 ಎಂಬ ದರ್ಜೆ ಇದೆ. ಅದನ್ನು ಮೊದಲ ಸಲ ಓದಿದಾಗ ನನಗೆ ಈ ಕೆಲಸದ ತಿರುಳು ಅರ್ಥವಾಯಿತು. ಪೈಪಿನ ಆಯುಸ್ಸು 50 ವರ್ಷ ಎಂದು ಇಟ್ಟುಕೊಂಡು ಅದನ್ನು ಹಂಚುತ್ತಾರೆ: 20 ಡಿಗ್ರಿಯಲ್ಲಿ ಎರಡೂವರೆ ವರ್ಷ, 40 ಡಿಗ್ರಿಯಲ್ಲಿ 20 ವರ್ಷ, 60 ಡಿಗ್ರಿಯಲ್ಲಿ 25 ವರ್ಷ, 70 ಡಿಗ್ರಿಯಲ್ಲಿ ಎರಡೂವರೆ ವರ್ಷ. ಕೊನೆಗೆ ಏನೋ ಎಡವಟ್ಟಾದರೆ ಎಂದು 100 ಡಿಗ್ರಿಯಲ್ಲಿ 100 ಗಂಟೆ.

ಇಡೀ 50 ವರ್ಷಕ್ಕೆ ನೂರೇ ಗಂಟೆ. ವರ್ಷಕ್ಕೆ ಎರಡು ಗಂಟೆ.

ಗ್ಯಾಸ್ ಬಾಯ್ಲರ್ ಇರುವ ಮನೆಯಲ್ಲಿ ಇದು ಧಾರಾಳ. ಗುಂಡಿ ಒತ್ತಿದರೆ ಬೆಂಕಿ ಆರುತ್ತದೆ. ಬಚ್ಚಲ ಒಲೆಗೆ ಗುಂಡಿ ಎಲ್ಲಿದೆ? ಅಕ್ಕ ಬೆಳಿಗ್ಗೆ ಎರಡು ಕೊಳ್ಳಿ ತುರುಕಿ ಕೊಟ್ಟಿಗೆ ಕೆಲಸಕ್ಕೆ ಹೋದರೆ ಹಂಡೆ ಕೊತಕೊತ ಕುದಿಯುತ್ತಿರುತ್ತದೆ. ನಮ್ಮ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ಆ ನೀರು ನೇರವಾಗಿ ಪೈಪಿಗೆ ದಿನಕ್ಕೆ ಒಂದೇ ಗಂಟೆ ಹೋದರೂ ಪೈಪಿಗೆ ಬರೆದುಕೊಟ್ಟ ನೂರು ಗಂಟೆ ಒಂದು ಮಳೆಗಾಲದಲ್ಲೇ ಖರ್ಚಾಗುತ್ತದೆ.

ಹಾಗಾಗಿ ಪೈಪ್ ಆರಿಸುವ ಮೊದಲು ಪೈಪಿಗೆ ಕಾವಲು ಕಟ್ಟಬೇಕಾಯಿತು. ಹಂಡೆಯ ನೀರು ಸ್ನಾನಕ್ಕೇ ಇರಲಿ ಎಂದು, ಹಂಡೆಯ ಬಾಯಿಯಿಂದ ಇಳಿಯುವಷ್ಟು ಅಗಲಕ್ಕೆ ಆರು ಮೀಟರ್ ತಾಮ್ರದ ಕೊಳವೆಯನ್ನು ಸ್ಪ್ರಿಂಗ್‌ನಂತೆ ಸುತ್ತಿ ಒಳಗೆ ಇಳಿಬಿಟ್ಟೆ. ನೆಲದ ನೀರು ಆ ತಾಮ್ರದೊಳಗೆ ಸುತ್ತಿ ಬಿಸಿಯಾಗಿ ಹೋಗುತ್ತದೆ, ಹಂಡೆಯ ನೀರಿನ ಜೊತೆ ಬೆರೆಯುವುದಿಲ್ಲ. ಹಂಡೆಯಿಂದ ಹೊರಬಂದ ಮೇಲೂ ಒಂದೂವರೆ ಮೀಟರ್ ತಾಮ್ರವೇ. ಅಲ್ಲಿ ಮಿಕ್ಸಿಂಗ್ ವಾಲ್ವ್. ವಾಪಸ್ ಬಂದ ತಣ್ಣೀರು ಬೆರೆಸಿ 40 ಡಿಗ್ರಿ ಮಾಡಿ ಕಳಿಸುತ್ತದೆ. ವಾಲ್ವ್ ದಾಟಿದ ಕೂಡಲೇ ಪೈಪಿಗೆ ಕಟ್ಟಿದ ಥರ್ಮೋಸ್ಟಾಟ್. 50 ಡಿಗ್ರಿ ಮುಟ್ಟಿದರೆ ನೀರು ಸುತ್ತಿಸುವ ಪಂಪನ್ನು ನಿಲ್ಲಿಸುತ್ತದೆ. ನೀರು ಹಿಗ್ಗಿದರೆ ಜಾಗ ಕೊಡಲು ಐದು ಲೀಟರಿನ ಎಕ್ಸ್‌ಪಾನ್ಶನ್ ಟ್ಯಾಂಕ್, ಒತ್ತಡ ಮಿತಿ ಮೀರಿದರೆ ಬಿಡಲು ಸೇಫ್ಟಿ ವಾಲ್ವ್. ಇವಿಷ್ಟೂ ಇಲ್ಲದೆ ಸೌದೆ ಒಲೆಗೆ ಪ್ಲಾಸ್ಟಿಕ್ ಪೈಪ್ ಜೋಡಿಸಬೇಡಿ. ಯಾವ ಕಂಪನಿಯ ಪೈಪ್ ಆದರೂ ಸರಿ.

ಪಿಇ-ಆರ್‌ಟಿ ನನಗೆ ಇಷ್ಟದ ಪೈಪೇ. ಅಡ್ಡ ಕೊಂಡಿ ಇಲ್ಲದಿದ್ದರೂ ಬಿಸಿ ತಡೆಯುವ ಹಾಗೆ ಎಳೆಗಳನ್ನೇ ಬೇರೆ ರೀತಿ ಮಾಡಿರುತ್ತಾರೆ. ಮೆದು, ಹಾಸಲು ಸುಲಭ, ಕ್ಲಾಸ್ 4 ಕೂಡ ದಾಟುತ್ತದೆ. ಹೀಟ್ ಪಂಪ್‌ನಿಂದ ಸದಾ 40 ಡಿಗ್ರಿ ನೀರು ಬರುವ ಮನೆಯಾಗಿದ್ದರೆ ಎರಡನೇ ಯೋಚನೆ ಇಲ್ಲದೆ ಅದನ್ನೇ ಹಾಕುತ್ತಿದ್ದೆ. ಕಾಂಪೋಸಿಟ್ ಕೂಡ ಸೋಲಾರ್ ಕೆಲಸದಲ್ಲಿ ನನ್ನ ಕೈಗೆ ಪಳಗಿದ್ದು. ಬಗ್ಗಿಸಿದ ಹಾಗೇ ನಿಲ್ಲುತ್ತದೆ, ಬಿಸಿಗೆ ಉದ್ದವಾಗುವುದು ತೀರಾ ಕಡಿಮೆ. ಆದರೆ ಒಂದು ಕಡೆ ಮಡಚಿ ಹೋದರೆ ಕತ್ತರಿಸಿಯೇ ತೆಗೆಯಬೇಕು. ಕತ್ತರಿಸಿದರೆ ಜಾಯಿಂಟ್. ಪೆಕ್ಸ್-ಎ ಮಡಚಿದರೆ ಹಾಟ್ ಏರ್ ಗನ್‌ನಿಂದ ಮೆಲ್ಲಗೆ ಕಾಯಿಸಬೇಕು. ಹಾಲುಬಣ್ಣದ ಪೈಪ್ ತಿಳಿಯಾಗುತ್ತದೆ, ತಾನಾಗಿ ದುಂಡಗಾಗುತ್ತದೆ. ನನ್ನ ಜೊತೆ ಬರುವ ಇಬ್ಬರು ಹುಡುಗರು ಈ ಕೆಲಸ ಮೊದಲ ಸಲ ಮಾಡುವವರು. ಮಡಚುವುದು ಖಂಡಿತ ಎಂದು ಗೊತ್ತಿತ್ತು.

ಹೀಗೆ ನೆಲದೊಳಕ್ಕೆ ಪೆಕ್ಸ್-ಎ ಎಂದು ತೀರ್ಮಾನವಾಯಿತು. ಬಚ್ಚಲುಮನೆಯಿಂದ ಕೋಣೆಯವರೆಗೆ ಗೋಡೆಯ ಮೇಲೆ ಹೋಗುವ ಒಂಬತ್ತು ಮೀಟರ್ ದಾರಿಗೆ ಕಾಂಪೋಸಿಟ್. ಹೊರಗೆ ತೂಗುವ ಪೆಕ್ಸ್, ಹತ್ತು ಡಿಗ್ರಿ ಬಿಸಿಗೆ ಮೀಟರಿಗೆ ಒಂದೂವರೆ ಎರಡು ಮಿ.ಮೀ. ಉದ್ದವಾಗಿ ಹಾವಿನಂತೆ ಅಂಕುಡೊಂಕಾಗುತ್ತದೆ. ಕಾಂಕ್ರೀಟಿನೊಳಗೆ ಹೂತರೆ ಆ ತಕರಾರಿಲ್ಲ, ಕಾಂಕ್ರೀಟೇ ಹಿಡಿದಿರುತ್ತದೆ.

ಇಂಗಿನ ವಾಸನೆ

ಇನ್ನೊಂದು ಮಾತು ಭಾವ ಬಹಳ ಹೊತ್ತು ನಂಬಲಿಲ್ಲ. ನೀರು ಸೋರದ ಪೈಪಿನ ಗೋಡೆ ದಾಟಿ ಗಾಳಿಯ ಆಮ್ಲಜನಕ ಒಳಗೆ ಬರುತ್ತದೆ ಎಂಬುದು. ಅಕ್ಕನೇ ಉತ್ತರ ಕೊಟ್ಟಳು. "ಇಂಗು ಪ್ಲಾಸ್ಟಿಕ್ ಕವರ್‌ನಲ್ಲಿ ಗಂಟು ಹಾಕಿಟ್ಟರೂ ಡಬ್ಬಿ ತುಂಬ ವಾಸನೆ ಬರಲ್ವಾ?" ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಒಳಗೆ ಬಂದ ಆಮ್ಲಜನಕ ಪ್ಲಾಸ್ಟಿಕ್ಕಿಗೆ ಏನೂ ಮಾಡುವುದಿಲ್ಲ. ಪಂಪಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತುಕ್ಕಿನ ಕೆಸರು ವಾಲ್ವಿನಲ್ಲಿ ಕೂರುತ್ತದೆ. ಮಿಕ್ಸಿಂಗ್ ವಾಲ್ವ್ ಸಿಕ್ಕಿಹಾಕಿಕೊಂಡರೆ ಮೇಲಿನ ನೂರು ಗಂಟೆ ಓಡಲು ಶುರು. ಅದಕ್ಕೆ ಪೈಪಿನಲ್ಲಿ ಇವಿಒಎಚ್ ಎಂಬ ತೆಳು ಪದರ ಹಾಕುತ್ತಾರೆ. ಜರ್ಮನಿಯ ಡಿಐಎನ್ 4726 ಎಂಬ ಮಾನದಂಡದ ಪ್ರಕಾರ 40 ಡಿಗ್ರಿಯಲ್ಲಿ ಒಂದು ಘನಮೀಟರ್ ನೀರಿಗೆ ದಿನಕ್ಕೆ 0.1 ಗ್ರಾಂಗಿಂತ ಜಾಸ್ತಿ ಆಮ್ಲಜನಕ ಒಳಗೆ ಬರಬಾರದು.

ಈ ಪದರ ಎಲ್ಲಿದೆ ಎಂಬುದನ್ನೂ ನೋಡಬೇಕು. ಮೂರು ಪದರದ ಪೈಪಿನಲ್ಲಿ ಅದು ಹೊರಮೈಯಲ್ಲೇ ಇರುತ್ತದೆ. ಎಳೆದಾಡುವಾಗ ಗೀರುತ್ತದೆ. ಮೇಲಾಗಿ ಇವಿಒಎಚ್‌ಗೆ ತೇವ ಆಗದು, ಒದ್ದೆಯಾದರೆ ತಡೆಯುವ ಶಕ್ತಿ ಕುಗ್ಗುತ್ತದೆ. ಮಲೆನಾಡಿನ ನೆಲದಲ್ಲಿ ತೇವಕ್ಕೆ ಕೊರತೆಯೇ? ಐದು ಪದರದ ಪೈಪಿನಲ್ಲಿ ಅದು ನಡುವೆ, ಎರಡೂ ಕಡೆ ಪೆಕ್ಸ್ ಹೊದ್ದು ಕೂತಿರುತ್ತದೆ. ನಾನು ಐದು ಪದರದ್ದೇ ಬೇಕೆಂದು ಹಟ ಹಿಡಿದೆ.

ಹಟ ಹಿಡಿದದ್ದಕ್ಕೆ ಎಂಟು ದಿನ ಹೋಯಿತು. ಬೆಂಗಳೂರಿನ ಒಂದು ಅಂಗಡಿಯಿಂದ ಬಂದ ಮೊದಲ ಸುರುಳಿ ನೋಡಲು ಸರಿಯಾಗಿಯೇ ಇತ್ತು. ಅದೇ ಬಣ್ಣ, ಅದೇ 16×2, ಅಂದರೆ 16 ಮಿ.ಮೀ. ಪೈಪ್, 2 ಮಿ.ಮೀ. ಗೋಡೆ. ಪೈಪಿನ ಮೇಲೆ ಮೀಟರಿಗೊಮ್ಮೆ ಅಚ್ಚು ಹಾಕಿರುವ ಸಾಲನ್ನು ಕನ್ನಡಕ ಹಾಕಿಕೊಂಡು ಓದಿದೆ. ಪೆಕ್ಸ್-ಎ ಎಂದಿತ್ತು, ಐಎಸ್‌ಒ 15875 ಎಂಬ ಪೆಕ್ಸ್ ಮಾನದಂಡದ ಹೆಸರೂ ಇತ್ತು. ಇವಿಒಎಚ್ ಇಲ್ಲ, 4726 ಇಲ್ಲ. ನಲ್ಲಿ ನೀರಿಗೆ ಹಾಕುವ ಬರಿ ಪೆಕ್ಸ್. "ಎರಡೂ ಒಂದೇ ಸಾರ್" ಎಂದರು ಫೋನಿನಲ್ಲಿ. ವಾಪಸ್ ಕಳಿಸಿದೆ. ಆ ಸಾಲು ಓದದೆ ಸುರುಳಿ ಬಿಚ್ಚಲೇಬೇಡಿ. ಅದರಲ್ಲಿ ಪೈಪಿನ ಜಾತಕವೇ ಇರುತ್ತದೆ: ಯಾವ ಪ್ಲಾಸ್ಟಿಕ್, ಎಷ್ಟು ದಪ್ಪ, ಯಾವ ಕ್ಲಾಸ್, ಎಷ್ಟು ಬಾರ್ ಒತ್ತಡ.

ಚಕ್ಕುಲಿ ಸುತ್ತು

ಅಡಿಕೆ ಸುಗ್ಗಿ ಮುಗಿದು ಯುಗಾದಿ ಕಳೆದ ಮೇಲೆ ಕೆಲಸ ಹಿಡಿದೆವು. ಹಳೆಯ ನೆಲದ ಮೇಲೆ ಹೊಸ ನೆಲ ಹಾಕಿದರೆ ಹೊಸ್ತಿಲು ಮುಳುಗುತ್ತದೆ. ಅತ್ತೆ ದಿನಾ ಅರಿಶಿನ ಕುಂಕುಮ ಇಡುವ ಹೊಸ್ತಿಲು ಅದು. ಐದು ಇಂಚು ಅಗೆದೇ ಬಿಟ್ಟೆವು. ಕೆಳಗೆ ದಪ್ಪ ಪಾಲಿಥೀನ್ ಹಾಳೆ, ಅದರ ಮೇಲೆ 40 ಮಿ.ಮೀ. ಎಕ್ಸ್‌ಪಿಎಸ್ ಹಲಗೆ. ಈ ಗಟ್ಟಿ ಫೋಮ್ ಇಲ್ಲದಿದ್ದರೆ ಹಂಡೆಯ ಬಿಸಿಯೆಲ್ಲ ಭೂಮಿತಾಯಿಗೇ. ಮೇಲೆ ತಂತಿ ಬಲೆ, ಬಲೆಗೆ ಪೈಪ್ ಕಟ್ಟಿದೆವು.

ಕೋಣೆ 18 ಚದರ ಮೀಟರ್. ಕಪಾಟು, ಪೆಟ್ಟಿಗೆಗಳ ಜಾಗ ಬಿಟ್ಟು 14. ಆರು ಇಂಚಿಗೊಂದು ಸಾಲು ಎಂದರೆ 94 ಮೀಟರ್, ನೀರನ್ನು ಸುತ್ತುಗಳಿಗೆ ಹಂಚುವ ಮ್ಯಾನಿಫೋಲ್ಡ್‌ವರೆಗಿನ ಬಾಲ ಸೇರಿ 104. ಒಂದೇ ಸುತ್ತಾಗಿ ಹಾಕಿದರೆ ಪಂಪ್ ಸುಮಾರು ಎರಡೂವರೆ ಮೀಟರ್ ಎತ್ತರಕ್ಕೆ ನೀರೆತ್ತುವಷ್ಟು ತಿಣುಕಬೇಕು. 52 ಮೀಟರಿನ ಎರಡು ಸುತ್ತು ಮಾಡಿದರೆ ಅರ್ಧ ಮೀಟರಿಗೂ ಕಡಿಮೆ. ಇನ್ವರ್ಟರ್ ಮೇಲೆ ಓಡಬೇಕಾದ ಸಣ್ಣ ಪಂಪಿಗೆ ಇದು ದೊಡ್ಡ ವ್ಯತ್ಯಾಸ. ಪ್ರತಿ ಸುತ್ತನ್ನೂ ಚಕ್ಕುಲಿಯಂತೆ ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ ಹಾಕಿದೆವು. ಹೋಗುವ ಬಿಸಿ ಸಾಲಿನ ಪಕ್ಕ ಬರುವ ತಣ್ಣನೆ ಸಾಲು. ನೆಲ ಎಲ್ಲ ಕಡೆ ಒಂದೇ ಸಮ ಬೆಚ್ಚಗಾಗುತ್ತದೆ, ಪೈಪಿಗೂ ಇಕ್ಕಟ್ಟಾದ ತಿರುವು ಬರುವುದಿಲ್ಲ.

ಇಕ್ಕಟ್ಟು ಇದ್ದದ್ದು ಚಕ್ಕುಲಿಯ ನಡುವಿನಲ್ಲಿ ಮಾತ್ರ. ಅಲ್ಲೇ ಮಡಚಿತು. ಹುಡುಗನ ಮುಖ ಬಿಳಿಚಿಹೋಯಿತು. ಹಾಟ್ ಏರ್ ಗನ್ ಹಿಡಿದು ಸುತ್ತಲೂ ಕಾಯಿಸಿದೆ. ಒಂದೆರಡು ನಿಮಿಷದಲ್ಲಿ ಗೆರೆ ಮಾಯವಾಗಿ ಪೈಪ್ ದುಂಡಗೆ ನಿಂತಿತು. ಆ ಜಾಗಕ್ಕೆ ಕಾಂಪೋಸಿಟ್ ಹಾಕಿದ್ದರೆ ಒಂದು ಸುತ್ತನ್ನು ಪೂರ್ತಿ ಕಿತ್ತು ಹೊಸದು ಹಾಸಬೇಕಿತ್ತು.

ಇಲಿಯ ಕಾಟ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಿಸಿಲು ತಾಗಬಾರದು ಎಂದು ಸುರುಳಿಯನ್ನು ಸೌದೆ ಕೊಟ್ಟಿಗೆಯಲ್ಲಿ ಇಟ್ಟಿದ್ದೆ. ಬಿಸಿಲು ಪೆಕ್ಸ್‌ಗೆ ಶತ್ರು, ಅದು ಸರಿ. ಆದರೆ ಎರಡು ರಾತ್ರಿಯಲ್ಲಿ ಇಲಿ ಹೊರಗಿನ ಸುತ್ತನ್ನು ಕಡಿದಿಟ್ಟಿತ್ತು. ಮೂರು ಮೀಟರ್ ಕತ್ತರಿಸಿ ಎಸೆದೆ. 120 ಮೀಟರಿನ ಸುರುಳಿ ತರಿಸಿದ್ದರಿಂದ ಬಚಾವಾದೆವು. ಬಚ್ಚಲುಮನೆಯಿಂದ ಬರುವ ಕಾಂಪೋಸಿಟ್ ಪೈಪಿಗೆ ಆಮೇಲೆ ಜಿಐ ಕೊಳವೆಯ ಹೊದಿಕೆ ಹಾಕಿದೆ.

ನೀರು ತುಂಬಿ 6 ಬಾರ್ ಒತ್ತಡ ಕೊಟ್ಟು ಒಂದು ರಾತ್ರಿ ಬಿಟ್ಟೆವು. ಮೊದಲ ಗಂಟೆಯಲ್ಲಿ ಒತ್ತಡದ ಮೀಟರಿನ ಮುಳ್ಳು ಇಳಿಯಿತು. ಗಾಬರಿ ಬೇಡ, ಪ್ಲಾಸ್ಟಿಕ್ ಪೈಪ್ ಒತ್ತಡಕ್ಕೆ ಸ್ವಲ್ಪ ಹಿಗ್ಗುತ್ತದೆ. ಮತ್ತೆ ಏರಿಸಿದ ಮೇಲೆ ನಿಂತಿತು. ಒತ್ತಡ ಇರುವಾಗಲೇ ಕಾಂಕ್ರೀಟ್ ಹಾಕಬೇಕು, ಯಾರಾದರೂ ಕರಣೆ ತಾಗಿಸಿದರೆ ಮುಳ್ಳು ಆ ಕ್ಷಣವೇ ಹೇಳುತ್ತದೆ. ಮೇಸ್ತ್ರಿಗೆ ಕೈಗಾಡಿ ಬೇಡ ಎಂದೆ. ಹಲಗೆ ಹಾಸಿ ಬಾಂಡ್ಲಿಯಲ್ಲೇ ಹೊತ್ತು ಹಾಕಿದರು. 65 ಮಿ.ಮೀ. ಕಾಂಕ್ರೀಟ್, ಮೇಲೆ ಅತ್ತೆ ಕೇಳಿದ ಹಾಗೆ ಕಾವಿ.

21 ದಿನ ಬೆಂಕಿ ಮುಟ್ಟಿಸಲಿಲ್ಲ. ಆಮೇಲೆ ಮೂರು ದಿನ 25 ಡಿಗ್ರಿ ನೀರು, ನಂತರ ನಾಲ್ಕು ದಿನ 40. ಪರೀಕ್ಷೆಯ ನೀರು ಖಾಲಿ ಮಾಡಿ, ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತುಂಬಿಸಿದೆ. ಒಟ್ಟು ಹಿಡಿದದ್ದೇ 16 ಲೀಟರ್, ಐದು ಲೀಟರಿನ ನಾಲ್ಕು ಕ್ಯಾನ್ ಸಾಕಾಯಿತು. ಹೆಪ್ಪುಗಟ್ಟದಂತೆ ಹಾಕುವ ಗ್ಲೈಕಾಲ್ ನಮ್ಮ ಊರಿಗೆ ಬೇಕಿಲ್ಲ.

ಪುಷ್ಯ ಮಳೆಯ ರಾತ್ರಿ

ಜುಲೈನಲ್ಲಿ ಅಳೆದಾಗ ಒಳಗೆ ಹೋಗುವ ನೀರು 38 ಡಿಗ್ರಿ, ಬರುವುದು 33. ನೆಲ 27. ಜನ ಓಡಾಡುವ ಕೋಣೆಯ ನೆಲ 29 ದಾಟಬಾರದು ಎಂದು ಯುರೋಪಿನ ಮಾನದಂಡ ಹೇಳುತ್ತದೆ, ಕಾಲಿಗೂ ಅದೇ ಹಿತ. ಒಲೆ ಆರಿದ ಮೇಲೂ ಐದಾರು ಗಂಟೆ ನೆಲ ಬೆಚ್ಚಗಿರುತ್ತದೆ. ಬೆವರು ಪೂರ್ತಿ ನಿಂತಿತು. ಹಾಸಿಗೆಗೆ ಬೂಷ್ಟು ಬಂದಿಲ್ಲ. ಮಂಡಿ ನೋವು ಹೋಯಿತು ಎಂದು ನಾನು ಹೇಳುವುದಿಲ್ಲ, ಅತ್ತೆಯೂ ಹೇಳಿಲ್ಲ. ಬೆಳಿಗ್ಗೆ ಎದ್ದು ಚಪ್ಪಲಿ ಹುಡುಕದೆ ನಡೆಯುತ್ತಾರೆ.

ಸೌದೆ ಖರ್ಚು ಜಾಸ್ತಿಯಾಗಿದೆ. ಭಾವ ಅದನ್ನು ನನಗೆ ಎರಡು ಸಲ ಹೇಳಿದ್ದಾರೆ.

ಪುಷ್ಯ ಮಳೆಯಲ್ಲಿ ಒಂದು ರಾತ್ರಿ ಕರೆಂಟ್ ಹೋಯಿತು, ಇನ್ವರ್ಟರ್ ಕೂಡ ಮಲಗಿತು. ಒಲೆ ಧಗಧಗ ಉರಿಯುತ್ತಿತ್ತು. ಮೂರು ಗಂಟೆ ಪಂಪ್ ಇಲ್ಲದೆ ತಾಮ್ರದ ಸುರುಳಿಯ ನೀರು ಹಂಡೆಯಷ್ಟೇ ಕಾದು ಕೂತಿತ್ತು. ಕರೆಂಟ್ ಬಂದಾಗ ಭಾವ ಟಾರ್ಚ್ ಹಿಡಿದು ಮೀಟರ್ ನೋಡುತ್ತ ನನಗೆ ಫೋನ್ ಮಾಡಿದರು. "ಒಲೆ ಕಡೆ 92 ತೋರಿಸ್ತಾ ಇದೆ, ಏನು ಮಾಡ್ಲಿ?"

"ವಾಲ್ವ್ ದಾಟಿದ ಮೇಲೆ ಎಷ್ಟಿದೆ ನೋಡಿ ಭಾವ."

"44... 48... ಪಂಪ್ ನಿಂತೋಯ್ತು!"

"ನಿಲ್ಲಲಿ. ಅದರ ಕೆಲಸ ಅದೇ. ಒಲೆಯಿಂದ ಕೊಳ್ಳಿ ಹಿಂದಕ್ಕೆ ಎಳೀರಿ."

ವಾಲ್ವ್ ಎಚ್ಚೆತ್ತುಕೊಳ್ಳಲು ಕೆಲವು ಸೆಕೆಂಡ್ ಬೇಕು, ಅಷ್ಟರಲ್ಲಿ ಒಂದು ಗುಟುಕು ಕುದಿನೀರು ದಾಟಿತ್ತು. ಥರ್ಮೋಸ್ಟಾಟ್ ಎರಡು ಸಲ ಪಂಪ್ ನಿಲ್ಲಿಸಿತು. ಮೂರನೇ ಸಲ ನೀರು 41 ಡಿಗ್ರಿಗೆ ಬಂದು ನೆಲೆಗೊಂಡಿತು. ಮರುದಿನ ನಾನು ಹೋಗಿ ಒತ್ತಡ ನೋಡಿದೆ, ಎಲ್ಲೂ ಇಳಿದಿರಲಿಲ್ಲ. ಇನ್ವರ್ಟರಿನ ಬ್ಯಾಟರಿ ಬದಲಿಸಿದೆವು.

ನಾನು ಮಾಡಿದ ತಪ್ಪು ಬಾಗಿಲ ಬಳಿ ಕಾಣುತ್ತದೆ. ಕೋಣೆಯ ಗೋಡೆಗಳ ಅಂಚಿಗೆ ಫೋಮ್ ಪಟ್ಟಿ ಕೊಟ್ಟಿದ್ದೆ, ಹೊಸ್ತಿಲ ಪಕ್ಕ ಕೊಡುವುದು ಮರೆತೆ. ನೆಲ ಹಿಗ್ಗಿ ಕುಗ್ಗಿ ಕಾವಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಂದಿದೆ. ಪೈಪಿಗೆ ತೊಂದರೆ ಇಲ್ಲ, ಕಣ್ಣಿಗೆ ಮಾತ್ರ.

ಕಾಂಕ್ರೀಟ್ ಹಾಕುವ ಮೊದಲು ತೆಗೆದ ಪೈಪಿನ ಫೋಟೋವನ್ನು ಅಳತೆ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಆ ಕೋಣೆಯ ನೆಲಕ್ಕೆ ಮೊಳೆ ಹೊಡೆಯುವ ಮೊದಲು ಅದನ್ನು ನೋಡಬೇಕು. ಅಕ್ಕ ಈಗ ನಡುಮನೆಗೂ ಹಾಕಿಸು ಎನ್ನುತ್ತಿದ್ದಾಳೆ. ಇನ್ನೊಂದು ಮಳೆಗಾಲ ಕಳೆಯಲಿ, ಆ ಬಿರುಕು ಬೆಳೆಯುತ್ತದೋ ಇಲ್ಲವೋ ನೋಡಿ ಹೇಳುತ್ತೇನೆ ಎಂದಿದ್ದೇನೆ.